ಗೆರೆ ಮಾಮ ಮತ್ತು ಗುರುವಾರದ ಕಾಗದ

ಅವರ ಕಣ್ಣರೆಪ್ಪೆಯ ಕೂದಲು ಬೆಳ್ಳಗಿತ್ತು. ವಯಸ್ಸಾಗಿ ಅಲ್ಲ, ಸುಣ್ಣ ಹತ್ತಿ. ತಲೆಯ ಕೂದಲು ಕೊನೆಯವರೆಗೂ ಅರ್ಧಕ್ಕರ್ಧ ಕಪ್ಪಾಗಿಯೇ ಉಳಿದಿತ್ತು. ರೆಪ್ಪೆ ಮಾತ್ರ ಹಿಟ್ಟಿನ ಗಿರಣಿಯಲ್ಲಿ ಕೂತವರ ಹಾಗೆ. ಶನಿವಾರ ಬೆಳಿಗ್ಗೆ ನಮ್ಮ ಕಾಂಪೌಂಡಿನ ನಲ್ಲಿಯಲ್ಲಿ ಮುಖ ತೊಳೆದು, ಹೆಗಲ ಮೇಲಿನ ಟವಲಿನಿಂದ ಒರೆಸಿಕೊಂಡು ಈ ಕಡೆ ತಿರುಗಿದರೂ ಆ ಬಿಳುಪು ಹೋಗುತ್ತಿರಲಿಲ್ಲ. ಅದರ ನಡುವೆ ಎರಡು ಕೆಂಪು ಕಣ್ಣು. ಚಿಕ್ಕ ಮಕ್ಕಳು ಮೊದಲ ಸಲ ನೋಡಿದರೆ ಹೆದರುತ್ತಿದ್ದವು, ಎರಡನೇ ಸಲ ಅವರ ಹಿಂದೆಯೇ ಓಡುತ್ತಿದ್ದವು.

ಊರೆಲ್ಲ ಅವರನ್ನು ಗೆರೆ ಮಾಮ ಎನ್ನುತ್ತಿತ್ತು. ಹರಿಹರದ ನಮ್ಮ ಕಾಲೇಜಿನ ಫುಟ್ಬಾಲ್ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವರು ಅವರು. ಕಾಲೇಜಿನ ನೌಕರರೇನಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಅದು ಮುಚ್ಚಿದ ಮೇಲೆ ಪಂಪ್‌ಸೆಟ್ ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಕಾರ್ಖಾನೆಯ ತಂಡದಲ್ಲಿ ಆಡಿ ಹತ್ತಿದ ಹುಚ್ಚು. ಆ ತಂಡ ಹೋದ ಮೇಲೆ ನಮ್ಮ ಕಾಲೇಜಿನ ಹುಡುಗರ ಮೇಲೆ ಬಿತ್ತು. ನಮ್ಮ ಮನೆಗೂ ಮೈದಾನಕ್ಕೂ ನಡುವೆ ಎದೆಮಟ್ಟದ ಒಂದು ಗೋಡೆ. ನಾನು ಅದೇ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಹಾಗಾಗಿ ಮನೆಯಲ್ಲಿದ್ದರೂ ಕೆಲಸದಲ್ಲಿದ್ದರೂ ಕಿಟಕಿಯಾಚೆ ಅವರು ಕಾಣುತ್ತಿದ್ದರು.

"ಏನವ್ವ, ನೀರು ಬಂದೈತಾ?" ಎಂದು ಗೋಡೆಯಾಚೆಯಿಂದ ಕೇಳಿ, ಹೂಂ ಎಂದರೆ ಮಾತ್ರ ಗೇಟು ದಾಟಿ ಬರುತ್ತಿದ್ದರು. ಅರ್ಧ ಬಕೆಟ್ ನೀರು, ಅಷ್ಟೇ. ಸುಟ್ಟ ಸುಣ್ಣದ ಗಡ್ಡೆಗಳನ್ನು ಒಡೆದ ಬಾನಿಯಲ್ಲಿ ಹಾಕಿ, ಮದುಮಗಳಿಗೆ ಅಕ್ಷತೆ ಹಾಕಿದ ಹಾಗೆ ನೀರು ಚಿಮುಕಿಸುತ್ತಿದ್ದರು. ಗಡ್ಡೆ ಸಿಡಿದು, ಹೊಗೆಯಾಡಿ, ತಾನೇ ಬಿರಿದು ಪುಡಿಯಾಗುವ ತನಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಆ ಪುಡಿಯನ್ನು ಜರಡಿ ಹಿಡಿದು, ತಳದಲ್ಲಿ ತೂತು ಕೊರೆದ ಎಣ್ಣೆ ಡಬ್ಬಿಗೆ ತುಂಬಿ ಮೈದಾನಕ್ಕೆ ಇಳಿದರೆ ಬಿಸಿಲೇರುವವರೆಗೆ ತಲೆ ಎತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಸಿಗುವ ರಂಗೋಲಿ ಪುಡಿ ಹಾಕಬಾರದೇ ಎಂದು ಒಮ್ಮೆ ಕೇಳಿದ್ದೆ. "ಗಾಳಿಗೆ ಹಾರಿ ಹೋಗ್ತೈತವ್ವ. ಆಮ್ಯಾಲೆ ಬಾಲು ಒಳಗ ಬಿತ್ತೋ ಹೊರಗ ಬಿತ್ತೋ ಅಂತ ಹೊಡದಾಟ. ಇದು ಮಣ್ಣು ಕಚ್ಚಿಕಂಡು ಕೂತ್ಕಳ್ತೈತಿ" ಎಂದರು.

ನನ್ನ ರಂಗೋಲಿ ಸೊಟ್ಟ. ಒಂದು ದಿನ ಗೇಟಿನಲ್ಲಿ ನಿಂತು ನೋಡಿ, "ನೀ ಕೈ ನೋಡಬ್ಯಾಡ. ಎಲ್ಲಿಗೆ ಮುಟ್ಟಬೇಕೋ ಅದನ್ನ ನೋಡು, ಕೈ ತಾನಾಗೇ ಹೋಗ್ತೈತಿ" ಎಂದು ಹೇಳಿಕೊಟ್ಟರು. ಅವತ್ತಿನಿಂದ ಆಫೀಸಿನ ರಿಜಿಸ್ಟರಿಗೂ ನಾನು ಸ್ಕೇಲು ಹಿಡಿದಿಲ್ಲ.

ಅವರ ವರ್ಷವೆಲ್ಲ ತಿರುಗುತ್ತಿದ್ದುದು ಒಂದು ಆಟದ ಸುತ್ತ. ನಮ್ಮ ಕಾಲೇಜು ಮತ್ತು ದಾವಣಗೆರೆಯ ಒಂದು ಕಾಲೇಜು ವಿಶ್ವವಿದ್ಯಾಲಯದ ಫುಟ್ಬಾಲ್ ಪಂದ್ಯಾವಳಿಯಲ್ಲಿ ಒಂದೇ ಗುಂಪಿನಲ್ಲಿದ್ದವು. ವರ್ಷಕ್ಕೊಮ್ಮೆ ಎದುರಾಗುತ್ತಿದ್ದವು. ಗೆದ್ದ ಊರಿನಲ್ಲಿ ಆ ಆಟದ ಚೆಂಡು ವರ್ಷವಿಡೀ ಇರಬೇಕು. ಆಟ ಸೋತ ಊರಿನಲ್ಲಿ ನಡೆದಿದ್ದರೆ, ಸೋತ ಕಡೆಯ ಅಭಿಮಾನಿಗಳು ಚೆಂಡಿಗೆ ಹಾರ ಹಾಕಿ, ಪ್ಯಾಸೆಂಜರ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಗೆದ್ದವರ ಕೈಗೆ ಕೊಡಬೇಕು. ಕಾಲು ಗಂಟೆಯ ದಾರಿ. ಬೋಗಿಯಲ್ಲಿ ಯಾರಾದರೂ "ಯಾಕ್ರಿ, ಚೆಂಡಿಗೆ ಹಾರ?" ಎಂದು ಕೇಳಿದರೆ ಸೋತವರು ತಾವೇ ಬಾಯಿಬಿಟ್ಟು ಹೇಳಬೇಕು: ಸೋತೀವಿ, ಅದಕ್ಕ. ಈ ಕಟ್ಟಳೆ ಮಾಡಿದವರು ಗೆರೆ ಮಾಮ ಮತ್ತು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟಿದ್ದ ಒಬ್ಬ ಸಾವ್ಕಾರ್ರು. ಮೈದಾನದಲ್ಲಿ ಹಾವು ಮುಂಗುಸಿ. ಆಟ ಮುಗಿದರೆ ಒಂದೇ ಪೇಪರಿನಲ್ಲಿ ಮಂಡಕ್ಕಿ ಮಿರ್ಚಿ.

ಮೊನ್ನೆ ಮೊನ್ನೆಯ ಮಾತು ಅನ್ನಿಸುತ್ತದೆ. ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಹುಬ್ಬಳ್ಳಿ ಕಡೆಯ ದೊಡ್ಡ ಕಾಲೇಜುಗಳೂ ಸೇರಿ ಹೊಸದೊಂದು ಗುಂಪು ಆಗುತ್ತಿದೆ. ಇಷ್ಟವಿರುವ ಕಾಲೇಜುಗಳು ಹಳೆಯ ಗುಂಪು ಬಿಟ್ಟು ಅದಕ್ಕೆ ಸೇರಬಹುದು. ಸೋಮವಾರ ಬೆಳಿಗ್ಗೆ ಹನ್ನೊಂದರೊಳಗೆ ತಿಳಿಸಬೇಕು. ಹೊಸ ಗುಂಪಿನಲ್ಲಿ ಆಟ ಹೆಚ್ಚು, ಆಯ್ಕೆ ಮಾಡುವವರು ಬಂದು ಕೂತು ನೋಡುತ್ತಾರೆ, ಹುಡುಗರಿಗೆ ವಿಶ್ವವಿದ್ಯಾಲಯದ ತಂಡ ಸೇರುವ ದಾರಿ. ಆದರೆ ಆಟಗಳೆಲ್ಲ ಹುಬ್ಬಳ್ಳಿಯಲ್ಲೇ. ಹರಿಹರದ ಮೈದಾನದಲ್ಲಿ ಒಂದೂ ಇಲ್ಲ.

ನಮ್ಮ ತಂಡಕ್ಕೆ ಬೂಟು, ಬಾಲು, ಆಟದ ದಿನದ ಮೊಟ್ಟೆ ಬಾಳೆಹಣ್ಣು ಎಲ್ಲವನ್ನೂ ಅಭಿಮಾನಿಗಳೇ ನೋಡಿಕೊಳ್ಳುತ್ತಿದ್ದರು. ಹಾಗಾಗಿ ಪ್ರಿನ್ಸಿಪಾಲರು, "ಅವರೇ ತೀರ್ಮಾನ ಮಾಡಲಿ, ನಾನು ಸಹಿ ಹಾಕುತ್ತೇನೆ" ಎಂದುಬಿಟ್ಟರು. ಖಾಲಿ ಲೆಟರ್‌ಹೆಡ್ಡಿಗೆ ಸಹಿ ಹಾಕಿ ಪಿ.ಟಿ. ಮೇಷ್ಟ್ರ ಕೈಗೆ ಕೊಟ್ಟು, ಬುಧವಾರ ಸಂಜೆ ಬೀಗರ ಊರಿಗೆ ಮದುವೆಗೆ ಹೊರಟುಹೋದರು.

ಸ್ಟೇಷನ್ ರಸ್ತೆಯ ಚಾ ಅಂಗಡಿಯಲ್ಲಿ ಆ ವಾರ ಬೇರೆ ಮಾತಿಲ್ಲ. ನಾನು ಆಫೀಸಿಗೆ ಹಾಲು ತರಲು ಹೋದಾಗಲೆಲ್ಲ ಕಿವಿಗೆ ಬೀಳುತ್ತಿತ್ತು.

"ಮಾಮ, ನಿಮಗ ಆ ಸುಣ್ಣದ ಡಬ್ಬಿ ತುಕ್ಕು ಹಿಡೀತೈತಲ್ಲಂತ ಚಿಂತಿ. ಅದಕ್ಕ ಹೋಗಾದು ಬ್ಯಾಡ ಅಂತೀರಿ" ಎಂದ ಚಾ ಅಂಗಡಿಯವನು.

"ಹೌದಪ್ಪ, ನನಗ ಚಿಂತಿ ಐತೆ. ನಿನಗ ಯಾವ ಚಿಂತಿನೂ ಇಲ್ಲ, ಅದಕ್ಕ ನಿನ್ ಚಾದಾಗ ಹಾಲೇ ಇರಲ್ಲ."

ಎಲ್ಲರೂ ನಕ್ಕರು. ಪಿ.ಟಿ. ಮೇಷ್ಟ್ರು ನಗಲಿಲ್ಲ. "ನಗಾಡಬ್ಯಾಡ್ರಿ. ಸಾರಥಿ ಹುಡುಗ ಈ ವರ್ಷ ಕಣ್ಣಿಗೆ ಬಿದ್ದನಂದ್ರ ಯೂನಿವರ್ಸಿಟಿ ತಂಡ ಗ್ಯಾರಂಟಿ. ಆಮ್ಯಾಲೆ ಪೊಲೀಸೋ ರೈಲ್ವೆನೋ, ಕ್ರೀಡಾ ಕೋಟಾದಾಗ ನೌಕರಿ. ಆ ತಾಯಿ ಕೂಲಿ ಮಾಡಿ ಓದಸ್ತಾಳ. ಇಲ್ಲೇ ಇದ್ರ ಅವನ್ನ ಯಾರು ನೋಡಾಕ ಬರ್ತಾರ, ಹೇಳ್ರಿ?"

ಸಾರಥಿ ಹಳ್ಳಿಯ ಆ ಹುಡುಗ ನಮ್ಮ ತಂಡದ ಜೀವ. ಅದು ಮಾಮನಿಗೂ ಗೊತ್ತು. ಕೈಯಲ್ಲಿದ್ದ ಗ್ಲಾಸು ತಿರುಗಿಸುತ್ತ, "ದಾವಣಗೆರೆಯೋರ ಜೊತಿ ಆಟ ನೋಡಾಕ ಯೂನಿವರ್ಸಿಟಿಯೋರು ಬಂದೇ ಬರ್ತಾರ. ಯಾವ ವರ್ಷ ತಪ್ಪಸ್ಯಾರ? ಆ ಆಟದಾಗ ಹೊಡದ ಗೋಲು ಹತ್ತು ಆಟಕ್ಕ ಸಮ" ಎಂದರು. ಅದೂ ನಿಜವೇ. ಆ ಒಂದು ಆಟಕ್ಕೆ ಮೇಲಿನವರು ಬರುತ್ತಿದ್ದರು. ಮಾಮನ ವಾದವೆಲ್ಲ ನಿಂತಿದ್ದುದು ಅದರ ಮೇಲೆ: ದಾವಣಗೆರೆಯವರು ಹಳೆಯ ಗುಂಪಿನಲ್ಲೇ ಇರುತ್ತಾರೆ ಎನ್ನುವುದರ ಮೇಲೆ.

ಗುರುವಾರ ಮಧ್ಯಾಹ್ನದ ಟಪಾಲಿನಲ್ಲಿ ಒಂದು ಕಾಗದ ಬಂತು. ದಾವಣಗೆರೆಯ ಕಾಲೇಜು ಹಳೆಯ ಗುಂಪು ಬಿಟ್ಟು ಹೊಸದಕ್ಕೆ ಸೇರುವುದಾಗಿ ಬರೆದುಕೊಟ್ಟಿದೆ. ಗುಂಪಿನ ಉಳಿದ ಕಾಲೇಜುಗಳ ಮಾಹಿತಿಗಾಗಿ ಪ್ರತಿ. ಎರಡೇ ಸಾಲು. ನಾನು ಆವಕ ರಿಜಿಸ್ಟರಿನಲ್ಲಿ ನಂಬರು ಹಾಕಿ, ವಿಷಯ ಬರೆದು, ಪ್ರಿನ್ಸಿಪಾಲರ ಮೇಜಿನ ಮೇಲಿನ ಕೆಂಪು ಫೈಲಿನಲ್ಲಿಟ್ಟೆ.

ಆಫೀಸಿನ ಕಟ್ಟಳೆ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಸಾಹೇಬರ ಕಿರುಸಹಿ ಬೀಳುವ ತನಕ ಕಾಗದ ಬಂದಿಲ್ಲ ಎಂದೇ ಅರ್ಥ. ಅದರೊಳಗೆ ಏನಿದೆ ಎಂದು ಗುಮಾಸ್ತರು ಬಾಯಿಬಿಡುವ ಹಾಗಿಲ್ಲ. ಹಿಂದೊಮ್ಮೆ ಪರೀಕ್ಷೆ ಮುಂದೆ ಹೋಗಿದೆ ಎಂದು ಒಬ್ಬ ಹುಡುಗಿಗೆ ಮುಂಚೆಯೇ ಹೇಳಿ ನಾನು ಮೆಮೊ ತಿಂದಿದ್ದೆ. ಅದು ನನ್ನ ಸರ್ವೀಸ್ ಪುಸ್ತಕದಲ್ಲಿ ಇವತ್ತಿಗೂ ಇದೆ. ಬೀಗರ ಮನೆಯ ಮದುವೆಯಲ್ಲಿರುವ ಪ್ರಿನ್ಸಿಪಾಲರಿಗೆ ಫೋನು ಮಾಡಲು ಕೈ ಬರಲಿಲ್ಲ. ಪಿ.ಟಿ. ಮೇಷ್ಟ್ರಿಗೆ ಹೇಳಿದರೆ ಊರಿಗೇ ಹೇಳಿದ ಹಾಗೆ. ಸೋಮವಾರ ಸಾಹೇಬರೇ ಬಂದು ನೋಡುತ್ತಾರೆ ಅಂದುಕೊಂಡೆ. ಹಾಗಂದುಕೊಳ್ಳುವಾಗ ಹನ್ನೊಂದು ಗಂಟೆಯ ಗಡುವು ನನಗೆ ನೆನಪಿತ್ತು.

ಶನಿವಾರ ಮಾಮ ನೀರಿಗೆ ಬಂದರು. ಒಲೆಯ ಮೇಲೆ ಅವಲಕ್ಕಿಗೆ ಒಗ್ಗರಣೆ ಹಾಕಿದ್ದೆ. ಅವರು ಅಡುಗೆಮನೆ ಕಿಟಕಿಯ ಹೊರಗೆ ನಿಂತು ತಾವಾಗಿಯೇ ಮಾತು ತೆಗೆದರು.

"ನಿನ್ನೆ ಸಾವ್ಕಾರ್ರಿಗೆ ಫೋನ್ ಹಚ್ಚಿದ್ದೆ. 'ನೀವು ಗುಂಪು ಬಿಡ್ತೀರೇನ್ರಿ' ಅಂತ ನೇರ ಕೇಳಿದೆ. 'ನಿಮ್ಮನ್ನ ಸೋಲ್ಸಾದು ಬಿಟ್ಟು ನಾವೆಲ್ಲಿಗೆ ಹೋಗಾನ್ರಿ' ಅಂದ್ರು." ನಕ್ಕರು. "ನಾಳೆ ಸಭಾದಾಗ ಅದನ್ನೇ ಹೇಳ್ತೀನಿ."

ಸಾವ್ಕಾರ್ರು ಸುಳ್ಳು ಹೇಳಿರಲಿಲ್ಲ. ನಮ್ಮಲ್ಲಿ ಅಭಿಮಾನಿಗಳನ್ನು ಕೇಳಿದ ಹಾಗೆ ಅಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಕಾಲೇಜಿನವರು ತಮ್ಮ ಪಾಡಿಗೆ ಬರೆದು ಕಳಿಸಿದ್ದರು. ಒಬ್ಬ ಅಭಿಮಾನಿಯ ಮಾತನ್ನು ಮಾಮ ಕಾಲೇಜಿನ ಮಾತು ಎಂದು ಹಿಡಿದರು; ಹರಿಹರದಲ್ಲಿ ಎರಡೂ ಒಂದೇ ಆಗಿತ್ತಲ್ಲ.

"ಮಾಮ," ಎಂದೆ.

"ಹೇಳವ್ವ."

"ಅವಲಕ್ಕಿ ತಿಂದು ಹೋಗ್ರಿ."

ತಟ್ಟೆಯಲ್ಲಿ ಕೊಟ್ಟೆ. ಮೆಟ್ಟಿಲ ಮೇಲೆ ಕೂತು ತಿಂದರು. ಉಪ್ಪು ಹೆಚ್ಚಾಗಿತ್ತು. ಅವರು ಹೇಳಲಿಲ್ಲ, ಆಮೇಲೆ ನಾನು ತಿಂದಾಗ ಗೊತ್ತಾಯಿತು.

ಭಾನುವಾರ ಸಂಜೆ ಮೈದಾನದಲ್ಲಿ ಸಭೆ. ಇಂಥ ತೀರ್ಮಾನಗಳಿಗೆ ಅಭಿಮಾನಿಗಳದೊಂದು ಪದ್ಧತಿ: ಇರೋಣ ಅನ್ನುವವರು ನಡುಗೆರೆಯ ಈಚೆ, ಹೋಗೋಣ ಅನ್ನುವವರು ಆಚೆ. ಮೊದಲು ಎರಡೂ ಕಡೆಯವರು ಮಾತಾಡಬೇಕು. ನಾನು ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಗೋಡೆಯ ಹತ್ತಿರ ನಿಂತಿದ್ದೆ. ಪಿ.ಟಿ. ಮೇಷ್ಟ್ರು ಹೊಸ ಗುಂಪಿನ ಪರವಾಗಿ ಚೆನ್ನಾಗಿಯೇ ಮಾತಾಡಿದರು. ಕೇಳುತ್ತ ಕೇಳುತ್ತ ಅರ್ಧಕ್ಕಿಂತ ಹೆಚ್ಚು ಜನ ಆಚೆ ಕಡೆಗೆ ವಾಲಿದ್ದರು. ಆಗ ಮಾಮ ಎದ್ದರು.

"ಹುಬ್ಬಳ್ಳಿಗೆ ಹೋದ್ರ ಆಡೋರು ಹನ್ನೊಂದು ಜನ ಹೋಗ್ತಾರ. ನಾವು? ಕೆಲಸ ಬಿಟ್ಟು ಯಾರು ಹೋಗ್ತೀರಿ, ಕೈ ಎತ್ರಿ ನೋಡಾನ. ಆ ಹುಡುಗ್ರು ಗೋಲು ಹೊಡದಾಗ ಕೂಗೋರು ಬ್ಯಾಡೇನು? ಸಾರಥಿ ಹುಡುಗನ ಚಿಂತಿ ನನಗೂ ಐತೆ. ದಾವಣಗೆರೆಯೋರು ಬಿಟ್ಟು ಹೋಗಲ್ಲ; ಅವ್ರ ಬಾಯಿಂದಾನೇ ಕೇಳೀನಿ. ಆ ಆಟ ಇದ್ರ ನೋಡೋರು ಬರ್ತಾರ. ಇದಕ್ಕ ನಾ ಜವಾಬ್ದಾರಿ."

ನಾ ಜವಾಬ್ದಾರಿ ಎಂದರು. ನನ್ನ ಕೈಯಲ್ಲಿ ಬಕೆಟ್ಟಿನ ತುಂಬ ಬಟ್ಟೆ. ಗೋಡೆ ಎದೆಮಟ್ಟ. ಒಂದು ಕೂಗಿನ ದೂರ. ಜನ ಒಬ್ಬೊಬ್ಬರಾಗಿ ಗೆರೆ ದಾಟಿ ಅವರ ಕಡೆಗೆ ಬಂದರು. ಕೊನೆಗೆ ಸಾರಥಿ ಹುಡುಗನೂ ಬಂದ. ಮಾಮ ಅವನ ತಲೆ ಸವರಿದರು.

ಸೋಮವಾರ ಬೆಳಿಗ್ಗೆ ಪಿ.ಟಿ. ಮೇಷ್ಟ್ರು ಸಪ್ಪೆ ಮುಖದಲ್ಲಿ ಬಂದು ಸಹಿಯಿದ್ದ ಲೆಟರ್‌ಹೆಡ್ ಕೊಟ್ಟರು. "ಹಳೆಯ ಗುಂಪಿನಲ್ಲಿಯೇ ಮುಂದುವರಿಯಲು ಇಚ್ಛಿಸುತ್ತೇವೆ" ಎಂದು ನಾನೇ ಟೈಪು ಮಾಡಿದೆ. ಹತ್ತೂವರೆಗೆ ಮೇಲ್ ಹೋಯಿತು. ಮಧ್ಯಾಹ್ನ ಪ್ರಿನ್ಸಿಪಾಲರು ಬಂದು ಕೆಂಪು ಫೈಲು ತೆರೆದರು.

"ಇದು ಯಾವಾಗ ಬಂತ್ರಿ?"

"ಗುರುವಾರ, ಸರ್."

"ಒಂದು ಫೋನ್ ಮಾಡಬಾರದಿತ್ತಾ?"

ಅಷ್ಟೇ ಅಂದರು. ಬೈಯಲೂ ಇಲ್ಲ. ಅವರು ವಿಶ್ವವಿದ್ಯಾಲಯಕ್ಕೆ ಫೋನು ಹಚ್ಚಿ ಕೇಳಿಕೊಂಡರು, ಪಟ್ಟಿ ಮುಚ್ಚಿಯಾಗಿತ್ತು. ದಾವಣಗೆರೆಯವರು ಬಿಟ್ಟ ಸುದ್ದಿ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಮರುದಿನ ಮಾಮ ನಲ್ಲಿಯ ಹತ್ತಿರ ಬಂದು ನಿಂತರು. ಶನಿವಾರವಲ್ಲ, ಕೈಯಲ್ಲಿ ಬಕೆಟ್ಟಿರಲಿಲ್ಲ.

"ಆ ಕಾಗದ ಯಾವತ್ತು ಬಂದಿತ್ತವ್ವ?"

"ಗುರುವಾರ, ಮಾಮ."

ಅವರು ನನ್ನ ಮುಖ ನೋಡಲಿಲ್ಲ. ನಲ್ಲಿಯ ತುದಿಗೆ ಕಟ್ಟಿದ್ದ ಬಟ್ಟೆ ಸಡಿಲವಾಗಿತ್ತು, ಅದನ್ನು ಬಿಚ್ಚಿ ಬಿಗಿಯಾಗಿ ಕಟ್ಟಿದರು. "ಹ್ಞೂಂ. ಆಫೀಸಿನ ಕೆಲಸ ಕಷ್ಟ" ಎಂದು ಹೋದರು. ಮುಂದಿನ ಶನಿವಾರ ಎಂದಿನಂತೆಯೇ ಗೋಡೆಯಾಚೆಯಿಂದ "ನೀರು ಬಂದೈತಾ?" ಎಂದು ಕೇಳಿದರು. ನಲ್ಲಿಗೆ ಬರುವುದನ್ನೇ ಬಿಟ್ಟುಬಿಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆ ವರ್ಷ ಹಳೆಯ ಗುಂಪಿನಲ್ಲಿ ಉಳಿದಿದ್ದು ನಮ್ಮದೂ ಸೇರಿ ಮೂರು ಕಾಲೇಜು. ಒಂದು ಕಾಲೇಜು ತಂಡ ಕಟ್ಟಲಾಗದೆ ಹಿಂದೆ ಸರಿಯಿತು. ಇನ್ನೊಂದರ ಜೊತೆ ಒಂದೇ ಆಟ. ನಾವು ಏಳು ಗೋಲು ಹೊಡೆದೆವು. ಅದರಲ್ಲಿ ಐದು ಸಾರಥಿ ಹುಡುಗನವು. ನೋಡಲು ಬಂದವರಲ್ಲಿ ಮೇಲಿನವರು ಒಬ್ಬರೂ ಇರಲಿಲ್ಲ. ಸಾವ್ಕಾರ್ರು ಮಾತ್ರ ಪ್ಯಾಸೆಂಜರ್ ಹಿಡಿದು ಬಂದು, ಆಟ ಮುಗಿಯುವ ತನಕ ಮಾಮನ ಪಕ್ಕ ಕೂತಿದ್ದು ಸಂಜೆ ವಾಪಸು ಹೋದರು. ಮುಂದಿನ ವರ್ಷ ಕಾಲೇಜು ಫುಟ್ಬಾಲ್ ತಂಡವನ್ನೇ ಕೈಬಿಟ್ಟಿತು. ಹುಡುಗ ಕೊನೆಯ ವರ್ಷ ಅರ್ಧಕ್ಕೆ ಬಿಟ್ಟು ಇಟ್ಟಿಗೆ ಲಾರಿಗೆ ಲೋಡು ಮಾಡಲು ಹೋದ. ಆದರೂ ಮಾಮ ಶನಿವಾರ ಗೆರೆ ಎಳೆಯುವುದನ್ನು ನಿಲ್ಲಿಸಲಿಲ್ಲ. ಆ ಗೆರೆಗಳ ಮೇಲೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದವು.

ಅಂಥ ಒಂದು ಶನಿವಾರ ಆ ಹುಡುಗನ ತಾಯಿ ಮೈದಾನಕ್ಕೆ ಬಂದಳು. ಕೂಲಿಗೆ ಹೊರಟವಳು ಬಸ್ಸಿಳಿದು ಅಲ್ಲಿಗೇ ನಡೆದು ಬಂದಿರಬೇಕು. ಸೊಂಟಕ್ಕೆ ಸೆರಗು ಕಟ್ಟಿದ್ದಳು, ಕೈಯಲ್ಲಿ ಬುತ್ತಿ ಚೀಲ.

"ನಿಮ್ಮ ಬಾಲಿನ ಹುಚ್ಚಿಗೆ ನನ್ನ ಮಗನ್ನ ತಿಂದ್ರಲ್ರಿ. ಜವಾಬ್ದಾರಿ ಅಂದಿದ್ರಂತ. ಎಲ್ಲೈತ್ರಿ ನಿಮ್ಮ ಜವಾಬ್ದಾರಿ? ಅವನ ಬೆನ್ನು ನೋಡ ಬರ್ರಿ, ಚರ್ಮ ಸುಲದೈತಿ. ಮುದುಕ ಆದ್ರೂ ಮಣ್ಣಾಗ ಗೆರಿ ಎಳಕಂತ ಕೂತೀರಲ್ಲ, ನಾಚಿಕಿ ಇಲ್ಲೇನ್ರಿ?"

ಮಾಮ ಡಬ್ಬಿ ಕೆಳಗಿಟ್ಟು ಕೈಕಟ್ಟಿ ನಿಂತರು. "ಹೌದು ತಾಯಿ. ನಂದೇ ತಪ್ಪು" ಎಂದರು. ಅವಳು ಮಣ್ಣು ತೂರಿ, ಅಳುತ್ತ, ಬೈಯುತ್ತ ಹೋದಳು. ನಾನು ನಲ್ಲಿಯ ಹತ್ತಿರ ಪಾತ್ರೆ ಹಿಡಿದು ನಿಂತಿದ್ದೆ. ಎಲ್ಲ ಕೇಳಿಸಿತು. ನೀರು ತುಂಬಿ ಹೊರಗೆ ಚೆಲ್ಲುತ್ತಿತ್ತು. ನಾನು ಗೋಡೆಯ ಹತ್ತಿರ ಹೋಗಲಿಲ್ಲ.

ಅದಾದ ಮೇಲೆ ಮಾಮ ಬಹಳ ದಿನ ಉಳಿಯಲಿಲ್ಲ. ಕೆಮ್ಮು ಹಳೆಯದೇ, ಕಾರ್ಖಾನೆಯ ದೂಳೋ ಸುಣ್ಣವೋ, ಡಾಕ್ಟರರು ಎರಡೂ ಅಂದರು. ದಾವಣಗೆರೆಯ ಆಸ್ಪತ್ರೆಯಲ್ಲಿ ಹದಿನೈದು ದಿನ. ನಾನು ಒಮ್ಮೆ ನೋಡಲು ಹೋಗಿದ್ದೆ. ಆಮ್ಲಜನಕದ ಮಾಸ್ಕ್ ಹಾಕಿದ್ದರು, ಮಾತಿಲ್ಲ. ಆಸ್ಪತ್ರೆಯವರು ದಿನಾ ಮುಖ ಒರೆಸುತ್ತಿದ್ದರಲ್ಲ, ರೆಪ್ಪೆ ಕಪ್ಪಗಿತ್ತು. ಯಾರದೋ ಮುಖ ನೋಡಿದ ಹಾಗಾಯಿತು. ನನ್ನ ಕೈ ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ. ಹೇಳಬೇಕೆಂದುಕೊಂಡು ಹೋಗಿದ್ದನ್ನು ಅಲ್ಲಿಯೂ ಹೇಳಲಿಲ್ಲ. ಮೂರನೇ ದಿನ ಹೋದರು.

ಹರಿಹರದ ಅವರ ಮನೆಯ ಮುಂದೆ ಹೊಳೆಗೆ ಒಯ್ಯುವ ಮುಂಚೆ ಸಾವ್ಕಾರ್ರು ನನ್ನ ಪಕ್ಕ ಬಂದು ನಿಂತರು. ಅಳು ತಡೆಯಲು ಮಾತಾಡುವವರ ಹಾಗೆ ಒಂದೇ ಸಮ ಮಾತಾಡುತ್ತಿದ್ದರು.

"ನನ್ನ ಮಾತು ನಂಬಿ ಕೆಟ್ರು ನೋಡ್ರಿ. ಒಂದು ದಿನಾನೂ ನನ್ನ ಬೈಲಿಲ್ಲ. ಆ ಚಾ ಅಂಗಡಿಯಾಗ ಹುಡುಗ್ರು ಕೇಳಿದ್ರು, 'ಮಾಮ, ನಮ್ಮ ಕಾಲೇಜು ಆಫೀಸ್ನಾಗ ಯಾರಿಗೂ ಗೊತ್ತಿರ್ಲಿಲ್ಲೇನು, ಯಾರೋ ಗೊತ್ತಿದ್ದೂ ಮುಚ್ಚಿಟ್ಟಾರ' ಅಂತ. ಮಾಮ ಸಿಟ್ಟಾಗಿಬಿಟ್ರು. 'ಕಾಗದ ಬಂದಿದ್ದೇ ಸೋಮವಾರ. ನಾ ಖುದ್ದು ಆ ಅವ್ವನ್ನ ಕೇಳೀನಿ. ಆಫೀಸಿನೋರ ಮ್ಯಾಲೆ ಮಾತು ತರಬ್ಯಾಡ್ರಿ' ಅಂದ್ರು. ಸೋಮವಾರ ಬಂತಂತಲ್ರಿ?"

ಸುತ್ತ ಜನ. ಸಾವ್ಕಾರ್ರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆ ಆಡಿಸಿದೆ. ಹೌದು ಎನ್ನುವ ಹಾಗೆ.

ತಿಥಿ ಮುಗಿದ ಮೇಲೆ ಒಂದು ಭಾನುವಾರ ಸಾರಥಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಲ್ ಆಡ್ತಿದ್ದ ಹುಡುಗನ ಮನೆ ಎಂದರೆ ಎಲ್ಲರೂ ತೋರಿಸಿದರು. ಹುಡುಗ ಲೋಡಿಗೆ ಹೋಗಿದ್ದ. ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ: ಗುರುವಾರ, ಕೆಂಪು ಫೈಲು, ಮೆಮೊ, ಗೋಡೆ. ಮಾಮನಿಗೆ ಮೋಸ ಆಯಿತು, ಅವರು ಮೋಸ ಮಾಡಲಿಲ್ಲ ಎಂದೆ. ಅವಳ ಕೈ ಮೊರದ ಮೇಲೆ ನಿಂತಿತು.

"ಆವತ್ತು ನೀವು ನಲ್ಲಿ ಹತ್ರ ನಿಂತಿದ್ರಿ. ನಾ ನೋಡಿದ್ದೆ" ಎಂದಳು.

"ಹೌದು."

ಮೊರದಲ್ಲಿದ್ದ ಒಂದು ಕಲ್ಲು ಆರಿಸಿ ಆಚೆ ಎಸೆದಳು. ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಅವ್ರಿಗೆ ಮಣ್ಣು ತೂರಿ ಬಂದೀನ್ರಿ ನಾನು. ಕೈಕಟ್ಟಿ ನಿಂತಿದ್ರು ಮನುಷ್ಯ. ಈಗ ಬಂದು ಹೇಳ್ತೀರಿ. ನಾ ಅಂದಿದ್ದನ್ನ ಎಲ್ಲಿ ಹೋಗಿ ವಾಪಸ್ ತಗಳ್ಳಿ?"

ಮೊರ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಬಾ ಎಂದೂ ಕರೆಯಲಿಲ್ಲ. ಹರಿಹರದ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಅಲ್ಲಿಯವರೆಗೆ ನಾನು ಆ ಅಂಗಳದ ಬಿಸಿಲಲ್ಲೇ ನಿಂತಿದ್ದೆ.